ನಾವಿಕ ಭೈರವನ ಆರನೆಯ ಬೆರಳು

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಪಾಲಾಕ್ಷಪ್ಪನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಅದರಿಂದ ಅವನಿಗೆ ಯಾವ ಸಮಾಧಾನವೂ ಆಗಲಿಲ್ಲ. ಸನ್ಮಾನವಿದ್ದದ್ದು ಮಧ್ಯಾಹ್ನ, ಅವನು ಹೊರಟದ್ದು ಬೆಳಗಿನ ತಿಂಡಿ ಅರಗುವ ಮೊದಲೇ. ತನ್ನ ಸನ್ಮಾನಕ್ಕೆ ತಾನೇ ಇಷ್ಟು ಅವಸರ ಮಾಡಿದವನು ಈ ಸೀಮೆಯಲ್ಲಿ ಇನ್ನೊಬ್ಬನಿರಲಾರ ಎಂದುಕೊಂಡ. ಹೊರಡುವಾಗ ಹೆಂಡತಿ ಮೈಲಮ್ಮ ಬಾಗಿಲಲ್ಲಿ ನಿಂತು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಆ ಅಂಗಿ ಬ್ಯಾಡ್ರಿ, ಅದು ನೀವು ಯಾರದರ ಮಣ್ಣಿಗೆ ಹೋಗುವಾಗ ಹಾಕ್ಕೊಳ್ಳಾದು” ಎಂದಿದ್ದಳು. ಅವನು ಬದಲಿಸಲಿಲ್ಲ, ಬದಲಿಸಿದ್ದರೆ ಆ ಅಂಗಿಯ ಬಗ್ಗೆಯೂ ಒಂದು ಮಾತು ಇದ್ದೇ ಇರುತ್ತಿತ್ತು. “ಬೆರಳಿನ ಸುದ್ದಿ ಕೇಳಿದ್ರ ಏನಂತೀರಿ?” ಎಂದು ಅವಳು ಮುಂದುವರಿಸಿದಳು. “ಯಾವಾಗ್ಲೂ ಏನಂತೀನೋ ಅದನ್ನ.” “ಇವತ್ತು ಪೇಂಟರ್ ಸಾಬ್ರೂ ಬಾಜೂಕ ಕುಂತಿರ್ತಾರ.” ಇಷ್ಟು ಹೇಳಿ ಅವಳು ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನ ಒಂದೇ ಒಂದು ಪುಸ್ತಕವನ್ನೂ ಓದಿರಲಿಲ್ಲ, ಆದರೆ ತೂತು ಎಲ್ಲಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪುಸ್ತಕವೆಂದರೆ ಪಾಕೆಟ್ ಕಾದಂಬರಿ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಲೇ ಹರೆಯ ಕಳೆದ ಪಾಲಾಕ್ಷಪ್ಪ, ‘ವಿಕ್ರಮಸೂನು’ ಎಂಬ ಹೆಸರಿನಲ್ಲಿ ಒಂದು ಕಾಲಕ್ಕೆ ತಿಂಗಳಿಗೊಂದರಂತೆ ಬರೆದಿದ್ದ: ಹಡಗು, ದ್ವೀಪ, ಮಾಟಗಾತಿ, ಮನುಷ್ಯರನ್ನು ನುಂಗುವ ಹೂವು. ನಾಯಕ ನಾವಿಕ ಭೈರವ ಏಳು ಸಮುದ್ರ ದಾಟಿದವನು. ಬರೆದವನು ಸಮುದ್ರವನ್ನು ಇಂದಿಗೂ ಕಂಡಿಲ್ಲ. ಓದುಗರ ಕಾಗದಗಳು ‘ವಿಕ್ರಮಸೂನು, ಕೊಟ್ಟೂರು’ ಎಂಬಷ್ಟೇ ವಿಳಾಸಕ್ಕೆ ಬರುತ್ತಿದ್ದವು, ಅವುಗಳ ಮೇಲೆ ಮುದ್ರೆ ಒತ್ತುವವನೂ ಅವನೇ, ಯಾರೂ ನೋಡದಂತೆ ಜೇಬಿಗೆ ಇಳಿಸುವವನೂ ಅವನೇ. ಪೋಸ್ಟ್‌ಮಾಸ್ಟರರು ಒಮ್ಮೆ, “ಯಾವನಲೇ ಇವ ವಿಕ್ರಮಸೂನು, ಊರಾಗ ಕಂಡಂಗಿಲ್ಲ” ಎಂದಾಗ, “ಯಾರೋ ಹೊಸಬ ಇರಬೇಕ್ರಿ” ಎಂದಿದ್ದ. ಹಾಗೆ ಹೇಳುವಾಗ ಅವನಿಗೆ ಸುಳ್ಳು ಹೇಳಿದಂತೆ ಅನಿಸಿರಲಿಲ್ಲ. ಏಕೆಂದರೆ ಆ ಪುಸ್ತಕಗಳು ಹುಟ್ಟುತ್ತಿದ್ದ ರೀತಿಯೇ ಹಾಗಿತ್ತು. ಪ್ರಕಾಶಕ ಜಂಬಣ್ಣ ಒಳಪುಟಗಳನ್ನು ಕೊಟ್ಟೂರಿನ ತನ್ನ ಕಾಲಲ್ಲಿ ತುಳಿಯುವ ಟ್ರೆಡಲ್ ಮಶೀನಿನಲ್ಲೇ ಒತ್ತಿಕೊಳ್ಳುತ್ತಿದ್ದ. ಬಣ್ಣದ ರಕ್ಷಾಪುಟ ಮಾತ್ರ ಹೊರಊರಿನ ದೊಡ್ಡ ಪ್ರೆಸ್ಸಿನಲ್ಲಿ ಆಗಬೇಕು. ಅಲ್ಲಿ ಒಂದು ದೊಡ್ಡ ಹಾಳೆಗೆ ನಾಲ್ಕು ರಕ್ಷಾಪುಟ ಹಿಡಿಯುತ್ತಿದ್ದವು. ಒಂದನ್ನೇ ಒತ್ತಿಸಿದರೆ ಉಳಿದ ಮುಕ್ಕಾಲು ಹಾಳೆ ದಂಡ. ಹಾಗಾಗಿ ನಾಲ್ಕು ಕಾದಂಬರಿಗಳ ಮುಖಗಳು ಒಟ್ಟಿಗೇ, ಕಾದಂಬರಿಗಳು ಹುಟ್ಟುವ ಮೊದಲೇ, ಅಚ್ಚಾಗಿ ಬಂದುಬಿಡುತ್ತಿದ್ದವು. ಹೆಸರನ್ನೂ ಜಂಬಣ್ಣನೇ ಇಟ್ಟಿರುತ್ತಿದ್ದ. “ಚಿತ್ರ ಐತಿ, ಹೆಸರೈತಿ, ಕತಿ ಒಂದ ಬಾಕಿ ನೋಡ್ರಿ” ಎಂದು ಅವುಗಳನ್ನು ಅಂಚೆ ಕಚೇರಿಯ ಕಿಟಕಿಯೊಳಗೆ ತೂರಿಸಿ ಹೋಗುತ್ತಿದ್ದ.

ಪಾಲಾಕ್ಷಪ್ಪ ಅವನ್ನು ಮನೆಯ ಗೋಡೆಗೆ ಅಂಟಿಸಿ, ನೋಡಿ ನೋಡಿ ಬರೆಯುತ್ತಿದ್ದ. ಚಿತ್ರದಲ್ಲಿ ಹಡಗು ಓರೆಯಾಗಿದ್ದರೆ ಕತೆಯಲ್ಲಿ ಬಿರುಗಾಳಿ, ನೆಟ್ಟಗಿದ್ದರೆ ಶಾಂತ ಸಮುದ್ರ. ಚಿತ್ರಕಾರ ಹಗರಿಬೊಮ್ಮನಹಳ್ಳಿಯ ಬೋರ್ಡ್ ಪೇಂಟರ್ ಅಬ್ದುಲ್ ವಹಾಬ. ರದ್ದಿಯಲ್ಲಿ ಬಂದ ಪರದೇಶದ ಸಾಹಸ ಪತ್ರಿಕೆಗಳ ಮುಖಪುಟ ನೋಡಿ ಕೈ ಪಳಗಿಸಿಕೊಂಡವನು. ಆದರೆ ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು ಅವನಿಗೆ ಬರುತ್ತಿರಲಿಲ್ಲ. ಅಲ್ಲಿನ ಬೆಂಕಿ ಉಗುಳುವ ಪ್ರಾಣಿ ಇವನ ಕೈಗೆ ಬಂದರೆ ಕೂಡ್ಲಿಗಿ ಗುಡ್ಡದ ಉಡವಾಗುತ್ತಿತ್ತು, ದೈತ್ಯ ಗುಡೇಕೋಟೆಯ ಕರಡಿಯಾಗುತ್ತಿದ್ದ, ಅರೆಬೆತ್ತಲೆ ರಾಣಿಗೆ ಇವನು ಮರ್ಯಾದೆಯಾಗಿ ತಲೆಯ ತುಂಬ ಸೆರಗು ಹೊದಿಸುತ್ತಿದ್ದ. ಸಮುದ್ರವೆಂದರೆ ಅವನ ಲೆಕ್ಕದಲ್ಲಿ ಮಾಲವಿ ಜಲಾಶಯ, ಆದ್ದರಿಂದ ಆಚೆ ದಡ ಕಾಣುತ್ತಲೇ ಇರುತ್ತಿತ್ತು. ಪಾಲಾಕ್ಷಪ್ಪ ದಡವನ್ನೂ ಬಿಡದೆ ಕತೆಗೆ ಸೇರಿಸಿಕೊಂಡ. ಭೈರವನ ಏಳೂ ಸಮುದ್ರಗಳಲ್ಲಿ ಎತ್ತ ನಿಂತರೂ ದಡ ಕಾಣುತ್ತದೆ. ಒಮ್ಮೆ ಪ್ರೆಸ್ಸಿನಲ್ಲಿ ಏನೋ ತಕರಾರಾಗಿ ರಕ್ಷಾಪುಟಗಳು ಬರಲೇ ಇಲ್ಲ. “ನಿಮ್ಮ ಮನಸಿಗೆ ಬಂದಿದ್ದು ಬರೀರಿ” ಎಂದ ಜಂಬಣ್ಣ. ಪಾಲಾಕ್ಷಪ್ಪ ಖಾಲಿ ಗೋಡೆಯ ಎದುರು ಕೂತ. ದಿನಗಟ್ಟಲೆ ಕೂತ. ಮನಸ್ಸಿಗೆ ಏನೂ ಬರಲಿಲ್ಲ. ಚಿತ್ರವಿಲ್ಲದೆ ತನಗೆ ಒಂದು ನಾಯಿಯನ್ನು ಓಡಿಸಲೂ ಬರುವುದಿಲ್ಲ ಎಂಬುದು ಆವಾಗ ಗೊತ್ತಾಯಿತು. ಕೊನೆಗೆ ಜ್ವರ ಎಂದು ಹೇಳಿಕಳಿಸಿದ. ಆ ಗೋಡೆಯ ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ, ಆದ್ದರಿಂದ ಜ್ವರ ಎಂದದ್ದು ಪೂರ್ತಿ ಸುಳ್ಳೂ ಅಲ್ಲ.

ಕೋಗಳಿಯ ಹತ್ತಿರ ಬಸ್ಸು ನಿಂತಿತು, ಕುರಿಹಿಂಡು ರಸ್ತೆ ದಾಟುತ್ತಿತ್ತು. ಪಾಲಾಕ್ಷಪ್ಪ ಚೀಲದಿಂದ ಹೊಸ ಪುಸ್ತಕ ತೆಗೆದು ನೋಡಿದ. ‘ಉಪ್ಪಿನ ಕೋಟೆಯ ಕೈದಿ’, ಭೈರವನ ಮೊದಲ ಕತೆ. ಕೂಡ್ಲಿಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು, ಹಳೆಯ ಪಾಕೆಟ್ ಕಾದಂಬರಿಗಳನ್ನು ಹುಡುಕಿ ಮತ್ತೆ ಅಚ್ಚು ಹಾಕಿಸುವ ಹುಚ್ಚು ಹಿಡಿಸಿಕೊಂಡಿರುವ ದುರುಗೇಶ ಎಂಬುವನು ಹಳೆಯ ರಕ್ಷಾಪುಟವನ್ನೇ ಇದ್ದಂತೆ ಬಳಸಿದ್ದ. ಉಪ್ಪಿನ ಗೋಡೆಗೆ ಆತುಕೊಂಡ ಭೈರವ ಬಲಗೈ ಎತ್ತಿ ನಿಂತಿದ್ದಾನೆ. ಆ ಕೈಗೆ ಆರು ಬೆರಳು. ಆವತ್ತು ಈ ಚಿತ್ರವನ್ನು ಗೋಡೆಗೆ ಅಂಟಿಸಿದಾಗ ಪಾಲಾಕ್ಷಪ್ಪ ಆ ಬೆರಳನ್ನೇ ದಿಟ್ಟಿಸಿ ಕೂತಿದ್ದ. ಆಮೇಲೆ ಬರೆದ: ದಿಕ್ಕು ತಪ್ಪಿದ ಸಮುದ್ರದಲ್ಲಿ ಭೈರವನ ಆರನೆಯ ಬೆರಳು ತಾನಾಗಿಯೇ ಮನೆಯ ಕಡೆ ತಿರುಗುತ್ತದೆ. ಆ ಒಂದು ಸಾಲಿನಿಂದ ಪುಸ್ತಕ ಓಡಿತು. ಹಡಗಲಿಯಲ್ಲಿ, ಹರಪನಹಳ್ಳಿಯಲ್ಲಿ ಹುಡುಗರು ಕೈಗೆ ಕಡ್ಡಿ ಕಟ್ಟಿಕೊಂಡು ಓಡಾಡಿದರು. ಮುಂದಿನ ರಕ್ಷಾಪುಟಗಳಲ್ಲೆಲ್ಲ ವಹಾಬ ಆರು ಬೆರಳನ್ನೇ ಬರೆದು ಕಳಿಸಿದ. ವಿಕ್ರಮಸೂನು ಯಾರೆಂಬುದು ಬಯಲಾದ ಮೇಲೆ ಪಾಲಾಕ್ಷಪ್ಪನನ್ನು ಕೊಟ್ಟೂರಿನಲ್ಲಿ ಆರು ಬೆರಳಿನ ಪೋಸ್ಟಪ್ಪ ಎಂದೇ ಕರೆದರು. ಯಾರಾದರೂ ಕೈ ಕುಲುಕಿದರೆ ಕೈಬಿಡುವ ಮುಂಚೆ ಎಣಿಸಿ ನೋಡುತ್ತಾರೆ ಎಂದು ಅವನಿಗೆ ಅನುಮಾನ.

ಹರಪನಹಳ್ಳಿಯ ಒಂದು ಸಭೆಯಲ್ಲಿ, ಈ ಬೆರಳು ನಿಮಗೆ ಎಲ್ಲಿ ಹೊಳೆಯಿತು ಎಂದು ಕೇಳಿದರು. ಸಾವಿರಾರು ಜನ ಇರಲಿಲ್ಲ, ಕುರ್ಚಿಗಳೇ ಹೆಚ್ಚಿದ್ದವು. ಆದರೂ ಅವನ ಬಾಯಿಂದ, ವಹಾಬ ಬರೆದಿದ್ದ, ನಾನು ನೋಡಿ ಬರೆದೆ ಎಂಬ ಮಾತು ಹೊರಡಲಿಲ್ಲ. ಚಿಕ್ಕಂದಿನಲ್ಲಿ ಬಾಗಳಿಯ ಗುಡಿಯಲ್ಲಿ ಒಂದು ಕಲ್ಲಿನ ಮೂರ್ತಿಗೆ ಆರು ಬೆರಳು ಕಂಡಿದ್ದೆ ಎಂದುಬಿಟ್ಟ. ಜನ ತಲೆದೂಗಿದರು. ಮನೆಗೆ ಬಂದ ಮೇಲೆ, ಅಂಥದ್ದೊಂದು ಇದ್ದರೂ ಇರಬಹುದು ಎಂಬ ಆಸೆಯಿಂದ ಮೈಲಮ್ಮನನ್ನು ಕರೆದುಕೊಂಡು ಬಾಗಳಿಗೆ ಹೋದ. ಅವಳು ಕಂಬ ಕಂಬಕ್ಕೂ ನಿಂತು ಎಣಿಸಿದಳು. “ಎಲ್ಲಾವೂ ಐದೇ ಅದಾವಲ್ರಿ” ಎಂದಳು, ಸಂತೆಯಲ್ಲಿ ತೆಂಗಿನಕಾಯಿ ಆರಿಸಿ ಬಂದವಳ ಹಾಗೆ. ಅಂದಿನಿಂದ ವಹಾಬ ಎದುರಾದರೆ ಪಾಲಾಕ್ಷಪ್ಪನ ಕಾಲು ತಾನಾಗಿ ಬೇರೆ ಕಡೆ ತಿರುಗುತ್ತಿತ್ತು. ಒಂದೆರಡು ಮದುವೆಗಳಲ್ಲಿ ಸಿಕ್ಕಿಬಿದ್ದಾಗ ಬಿಸಿಲಿನ ಬಗ್ಗೆ ಮಾತಾಡಿ ಜಾರಿಕೊಂಡಿದ್ದ. ಇವತ್ತು ಜಾರಿಕೊಳ್ಳುವಂತಿರಲಿಲ್ಲ. ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವುದೇ ದುರುಗೇಶನ ದೊಡ್ಡ ಯೋಜನೆ. ಹಾಗಾಗಿ ವಹಾಬನ ಮನೆಗೆ ಮೊದಲೇ ಹೋಗಿ ಒಂದೇ ಒಂದು ಮಾತು ಕೇಳಬೇಕಿತ್ತು: ಆ ಬೆರಳನ್ನು ಬೇಕೆಂದೇ ಬರೆದೆಯೋ, ಕೈತಪ್ಪಿ ಬಂದದ್ದೋ? ಬೇಕೆಂದು ಬರೆದಿದ್ದರೆ ಬೆರಳು ವಹಾಬನದು, ತಾನು ಇಷ್ಟು ವರ್ಷ ಇನ್ನೊಬ್ಬರ ಬೆರಳು ತೋರಿಸಿ ಸನ್ಮಾನ ಮಾಡಿಸಿಕೊಂಡ ಕಳ್ಳ. ಕೈತಪ್ಪಿ ಬಂದಿದ್ದರೆ, ಯಾರಿಗೂ ಬೇಡದ ಒಂದು ಗೆರೆಗೆ ಜೀವ ಕೊಟ್ಟವನು ತಾನು, ಬೆರಳು ತನ್ನದು. ತನಗೂ ಒಂದು ಮನಸ್ಸಿತ್ತು, ಅದರಲ್ಲಿ ಒಂದಾದರೂ ಬೆಳೆದಿತ್ತು ಎಂದುಕೊಂಡು ಸಾಯಬಹುದು.

ರೈಲ್ವೆ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ವಹಾಬನ ಮನೆ. ಮುಂದಿನ ಕೋಣೆಯಲ್ಲಿ ಮಗಳು ನೂರೀನ ಫ್ಲೆಕ್ಸ್ ಅಂಗಡಿ ನಡೆಸುತ್ತಾಳೆ. ಇವತ್ತಿನ ಬ್ಯಾನರು ನೆಲದ ತುಂಬ ಹಾಸಿಕೊಂಡು ಒಣಗುತ್ತಿತ್ತು. ಅದರಲ್ಲಿ ಪಾಲಾಕ್ಷಪ್ಪನ ಮುಖ ಎಮ್ಮೆಯಷ್ಟು ದೊಡ್ಡದಾಗಿತ್ತು, ವಹಾಬನ ಹೆಸರು ಮೂಲೆಯಲ್ಲಿ ಇರುವೆ ಸಾಲಿನಷ್ಟಿತ್ತು. ಒಳಗೆ ಹೋಗಬೇಕೆಂದರೆ ತನ್ನ ಗಲ್ಲದ ಪಕ್ಕದಲ್ಲಿ ಕಾಲಿಡಬೇಕು. ಅವನು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಹಿಡಿದು, ತನ್ನ ಕಿವಿಯ ಅಂಚಿನಲ್ಲಿ ಹುಷಾರಾಗಿ ನಡೆದು ಒಳಗೆ ಹೋದ. “ಅಬ್ಬಾನೇ ಹಂಗ ಮಾಡಿಸ್ಯಾರ ಕಾಕಾ,” ಎಂದಳು ನೂರೀನ, ಅವನು ನೋಡಿದ್ದನ್ನು ನೋಡಿ. “ನನ್ನ ಹೆಸರು ದೊಡ್ಡದು ಹಾಕಿದ್ರ ನಾ ಬರಂಗಿಲ್ಲ ಅಂದ್ರು.” ಪಾಲಾಕ್ಷಪ್ಪನಿಗೆ ಇದು ಬೇಕಾಗಿರಲಿಲ್ಲ.

ಮಂಚದ ಮೇಲೆ ಕೂತಿದ್ದ ವಹಾಬ ಎದ್ದು ನಿಂತ. ಕೈ ಮುಂದೆ ಚಾಚಿದ. ಅಂಗಡಿ ಬೋರ್ಡು, ನಂಬರ್ ಪ್ಲೇಟು, ಲಾರಿಯ ಬೆನ್ನು ಎಲ್ಲದರ ಮೇಲೆ ಅಕ್ಷರ ತಿದ್ದಿದ ಕೈ. “ಬರ್ರಿ ರೈಟರ್ ಸಾಹೇಬ್ರ, ಬರ್ರಿ! ಇಷ್ಟು ಜಲ್ದಿ?” “ಬಸ್ಸು ಸಿಕ್ತು,” ಎಂದ ಪಾಲಾಕ್ಷಪ್ಪ. ಬಸ್ಸು ಅವನನ್ನು ಹಿಡಿದು ತಂದ ಹಾಗಿತ್ತು ಮಾತು. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು. ಬಿಸಿಲು ಮುಗಿದ ಮೇಲೆ ಮಳೆಯ ಬಗ್ಗೆ ಮಾತಾಡಿದರು. ನೂರೀನ ಚಹಾ ತಂದಿಟ್ಟಳು. ಇನ್ನು ಮಾತಾಡಲು ಯಾವ ಕಾಲವೂ ಉಳಿಯಲಿಲ್ಲವಾಗಿ ಪಾಲಾಕ್ಷಪ್ಪ ಪುಸ್ತಕ ತೆಗೆದು ಮಂಚದ ಮೇಲಿಟ್ಟ.

“ವಹಾಬ್ ಸಾಬ್ರ, ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಈ ಬೆರಳು ನೀವು ಬೇಕಂತ ಬರ್ದಿದ್ರೋ, ಕೈತಪ್ಪಿ ಬಂದಿದ್ದೋ?”

ವಹಾಬ ಚಹಾದ ಕಪ್ಪನ್ನು ಕೆಳಗಿಟ್ಟ. ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಒಂದು ಥರದ ನಾಚಿಕೆ. “ನೀವೂ ಆತ್ರಿ! ಎಲ್ಲಾ ಗೊತ್ತಿದ್ದೂ ನನ್ನ ಬಾಯಿಂದ ಕೇಳಬೇಕಂತೀರಿ. ಹೇಳ್ತೀನಿ ಬಿಡ್ರಿ, ಇವತ್ತರ ಹೇಳ್ತೀನಿ. ನಾ ಬರ್ದಿದ್ದು ಐದರಿ.”

“ಐದು?”

“ಐದಾ. ಮನಿಷ್ಯಾಗ ಎಷ್ಟು ಇರ್ತಾವೋ ಅಷ್ಟು.” ಅವನು ತನ್ನ ಕೈಯನ್ನೇ ಅಂಗೈ ಅಗಲಿಸಿ ತೋರಿಸಿದ. ಆಮೇಲೆ ಹೇಳಿದ. ಆಗ ಬಣ್ಣದ ಚಿತ್ರವನ್ನು ಮೂರು ಸಲ ಒತ್ತುತ್ತಿದ್ದರು, ಹಳದಿಗೊಂದು ಬ್ಲಾಕು, ಕೆಂಪಿಗೊಂದು, ನೀಲಿಗೊಂದು. ಮೂರೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಆ ಹಾಳೆಯಲ್ಲಿ ಕೆಂಪು ಬ್ಲಾಕು ಜೋಳದ ಕಾಳಿನಷ್ಟು ಸರಿದಿತ್ತು. ಕಿರುಬೆರಳಿನ ಪಕ್ಕದಲ್ಲಿ ಅದರದೇ ಕೆಂಪು ನೆರಳು ಬಿತ್ತು. “ನನ್ನ ಮೊದಲನೇ ಕೆಲಸರಿ ಅದು. ಪ್ರೆಸ್ಸಿನವರು ತಪ್ಪನ್ನ ನನ್ನ ಮ್ಯಾಲೆ ಹಾಕಿದ್ರು, ಚಿತ್ರನಾ ಹಂಗಿತ್ತು ಅಂತ. ಜಂಬಣ್ಣನವರು ಹಾಳಿ ತಂದು ಅಂಗಡಿಯಾಗ ಒಗದು ಹೋದ್ರು. ನೋಡಿದವರೆಲ್ಲಾ ನಕ್ಕರು. ಅಚ್ಚು ತಪ್ಪೈತಿ ಅಂತ ಕುರುಡನಿಗೂ ಕಾಣ್ತಿತ್ತಲ್ರಿ. ನಾ ಇನ್ನ ಬ್ರಷ್ ಮುಟ್ಟಬಾರ್ದು ಅಂತ ಮಾಡಿದ್ದೆ. ಕಾನಹೊಸಹಳ್ಳಿಯಾಗ ನಮ್ಮ ಮಾಮೂಂದು ಪಂಚರ್ ಅಂಗಡಿ ಇತ್ತು, ಅಲ್ಲಿಗೆ ಹೋಗಾಕ ಬಟ್ಟಿ ಕಟ್ಟಿದ್ದೆ. ಅಷ್ಟ್ರಾಗ ಜಂಬಣ್ಣನವರು ನಕ್ಕೋತ ಬಂದ್ರು. ಲೇ ವಹಾಬ, ನಮ್ಮ ರೈಟರು ಆರು ಬೆರಳಿಗೆ ಕತಿ ಕಟ್ಟ್ಯಾರ, ಇನ್ನ ಮ್ಯಾಲೆ ಆರೇ ಬರಿ ಅಂದ್ರು.” ವಹಾಬ ಮಂಚದ ಮೇಲಿನ ಪುಸ್ತಕ ಮುಟ್ಟಿದ. “ಮುಖ ನೋಡಿಲ್ಲ, ಪರಿಚಯ ಇಲ್ಲ. ಒಬ್ಬ ಪೇಂಟರ್‌ನ ತಪ್ಪು ಮುಚ್ಚಾಕ ಒಂದು ಕತಿ ಪೂರಾ ಆ ಕಡೆ ತಿರುಗಿಸಿದ್ರಿ ನೀವು. ಹಂಗ ಯಾರು ಮಾಡ್ತಾರ್ರಿ?”

“ಅಬ್ಬಾ ಪ್ರತಿ ಈದಿಗೂ ಈ ಕತಿ ಹೇಳ್ತಾರ ಕಾಕಾ,” ಎಂದಳು ನೂರೀನ ಖಾಲಿ ಕಪ್ಪುಗಳನ್ನು ಎತ್ತಿಕೊಳ್ಳುತ್ತ. “ನಮ್ಮ ಅಮ್ಮೀನ ಅಬ್ಬಾಗ ಕೊಟ್ಟಿದ್ದೂ, ಹುಡುಗನ ಚಿತ್ರ ಬುಕ್ಕಿನ ಮ್ಯಾಲೆ ಬರ್ತೈತಿ ಅಂತ. ಆ ಬೆರಳಿಲ್ಲಂದ್ರ ನಾನೂ ಇಲ್ಲ.”

ಪಾಲಾಕ್ಷಪ್ಪ ಪುಸ್ತಕ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದ. ಹೌದು. ಬೆರಳಿನ ಪಕ್ಕ ಬೆರಳಲ್ಲ, ಕೆಂಪು ಸವರು. ಚಂದ್ರನ ಒಂದು ಅಂಚಿಗೂ ಅದೇ ಕೆಂಪು. ಭೈರವನ ಕತ್ತಿಗೂ ಪಕ್ಕದಲ್ಲಿ ಇನ್ನೊಂದು ಕೆಂಪು ಅಲಗು. ಅವನಿಗೆ ಬೆವರೊಡೆಯಿತು. ಉಪ್ಪಿನ ಕೋಟೆಯ ಮೇಲೆ ಚಂದ್ರನಿಗೆ ರಕ್ತದ ಅಂಚು ಮೂಡಿದ ದಿನ ಕೈದಿಗಳು ಸಾಯುತ್ತಾರೆ ಎಂದು ಬರೆದಿದ್ದ. ಭೈರವನ ಕತ್ತಿ ಒಂದೇ ಏಟಿಗೆ ಎರಡು ಗಾಯ ಮಾಡುತ್ತದೆ ಎಂದು ಬರೆದಿದ್ದ. ಜಂಬಣ್ಣ ನೋಡಿದ್ದ, ಪ್ರೆಸ್ಸಿನವರು ನೋಡಿದ್ದರು, ವಹಾಬನ ಅಂಗಡಿಗೆ ಬಂದು ಹೋದವರೆಲ್ಲ ನೋಡಿ ನಕ್ಕಿದ್ದರು. ಅವರಿಗೆಲ್ಲ ಕಂಡದ್ದು ಅಚ್ಚಿನ ತಪ್ಪು. ಅವನೊಬ್ಬನಿಗೆ ಬೆರಳು ಕಂಡಿತ್ತು. ಯಾರೂ ಬರೆದಿರಲಿಲ್ಲ, ಯಾರೂ ತೋರಿಸಿರಲಿಲ್ಲ, ಅಲ್ಲಿ ಇರಲೇ ಇಲ್ಲ, ಅವನು ಕಂಡ. ಅಂದರೆ ಅದು ಅವನದು. ಕಳ್ಳತನವಲ್ಲ. ಎದೆಯೊಳಗೆ ಏನೋ ಎದ್ದು ನಿಂತಂತಾಯಿತು. ಇಷ್ಟು ವರ್ಷ ಇವನಿಗೆ ಹೆದರಿ ಮದುವೆಮನೆಗಳಲ್ಲಿ ಊಟ ಬಿಟ್ಟು ಓಡಿದೆನಲ್ಲ ಎಂದು ನಗು ಬಂತು. ವಹಾಬನನ್ನು ತಬ್ಬಿಕೊಂಡು, ಸಾಬ್ರ, ನನಗೆ ಅಚ್ಚು ತಪ್ಪಿದ್ದೇ ಗೊತ್ತಾಗಲಿಲ್ಲ, ಬೆರಳೇ ಕಂಡಿತು ನೋಡ್ರಿ ಎಂದು ಕೂಗಬೇಕೆನಿಸಿತು. ಬಾಯಿ ತೆರೆದ. ವಹಾಬ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡಿದ್ದ. ಕಣ್ಣು ತುಂಬಿಕೊಂಡಿದ್ದವು.

“ಆಮ್ಯಾಲೂ ಎಷ್ಟು ಕಾಪಾಡಿದ್ರಿ. ಯಾರು ಕೇಳಿದ್ರೂ ಬಾಗಳಿ ಕಲ್ಲಿನ ಮ್ಯಾಲೆ ಹಾಕಿದ್ರಿ, ನನ್ನ ತಪ್ಪು ಹೊರಗ ಬರ್ಲಿಲ್ಲ. ಮದುವ್ಯಾಗ ಸಿಕ್ಕಾಗ್ಲೂ ಆ ಸುದ್ದಿ ತೆಗೀಲಿಲ್ಲ ನೀವು, ನನಗೆ ನಾಚಿಕಿ ಆಗಬಾರ್ದಂತ. ದೂರದಿಂದಾನ ಬಿಸಿಲು ಮಳಿ ಮಾತಾಡಿ ಹೋಗ್ತಿದ್ರಿ. ಎಲ್ಲಾ ತಿಳೀತಿತ್ರಿ ನನಗ.”

ಪಾಲಾಕ್ಷಪ್ಪನ ಬಾಯಿ ತೆರೆದಂತೆಯೇ ಇತ್ತು. “ಚಾ ಚಲೋ ಇತ್ತು” ಎಂದ.

“ಇವತ್ತು ಸ್ಟೇಜಿನ ಮ್ಯಾಲೆ ಹೇಳಿಬಿಡ್ತೀನಿ,” ಎಂದ ವಹಾಬ. “ಸಾಯೋದ್ರೊಳಗ ಒಮ್ಮೆ ನಾಕು ಜನದ ಮುಂದೆ ಹೇಳಬೇಕು.”

ಕಾರ್ಯಕ್ರಮವಿದ್ದದ್ದು ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ, ದೊಡ್ಡ ಹಾಲಿನಲ್ಲಿ ಯಾರದೋ ಸೀಮಂತವಿತ್ತು. ಸಾಂಬಾರಿನ ವಾಸನೆ, ಪಕ್ಕದಿಂದ ಆಗಾಗ ಹೆಂಗಸರ ನಗು. ಬ್ಯಾನರನ್ನು ಕಟ್ಟಲು ಹೋದರೆ ಅದು ಗೋಡೆಗಿಂತ ಉದ್ದವಾಗಿ, ಪಾಲಾಕ್ಷಪ್ಪನ ಗಲ್ಲವನ್ನು ಮಡಚಿ ಕಟ್ಟಿದರು. ದುರುಗೇಶ ಮೈಕಿನಲ್ಲಿ ನಮ್ಮ ನೆಲದ ಮಹಾನ್ ಕಲ್ಪನಾಶಕ್ತಿ ಎಂದು ಶುರುಮಾಡಿದ. ಆ ಮಾತು ಕೇಳಿದರೆ ಹಿಂದೆಲ್ಲ ಪಾಲಾಕ್ಷಪ್ಪ ತಲೆ ತಗ್ಗಿಸುತ್ತಿದ್ದ. ಇವತ್ತು ಮೊದಲ ಸಲ ಅದು ತನಗೇ ಸೇರಿದ್ದು ಅನಿಸಿತು, ಸರಿಯಾದ ವಿಳಾಸಕ್ಕೆ ಬಂದ ಕಾಗದದ ಹಾಗೆ. ಅವನು ಮೆಲ್ಲನೆ ವಹಾಬನ ಕಡೆ ನೋಡಿದ. ವಹಾಬ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ತೊಡೆಯ ಮೇಲೆ ಕೈ ಊರಿ, ಪರೀಕ್ಷೆಗೆ ಕೂತವನಂತೆ ಕೂತಿದ್ದ. ಸತ್ಯ ಹೇಳಿದರೆ ಬೆರಳು ತನ್ನದಾಗುತ್ತದೆ. ಆದರೆ ಕಾನಹೊಸಹಳ್ಳಿಗೆ ಹೋಗದೆ ಉಳಿದ ಆ ಹುಡುಗನಿಗಾಗಿ ಆವತ್ತು ಯಾರೂ ಏನೂ ಮಾಡಿರಲಿಲ್ಲ ಎಂದಾಗುತ್ತದೆ. ಪ್ರತಿ ಈದಿಗೂ ಮಗಳಿಗೆ ಹೇಳಿದ ಕತೆ ಬರಿಯ ಕತೆಯಾಗುತ್ತದೆ. ಹೇಳದಿದ್ದರೆ ತಾನು ಒಳ್ಳೆಯ ಮನುಷ್ಯ, ಆರು ಬೆರಳು ಒಂದು ಉಪಕಾರ, ವಿಕ್ರಮಸೂನುವಿಗೆ ಸ್ವಂತದ್ದೆಂದು ಒಂದೂ ಇಲ್ಲ. ಒಳ್ಳೆಯವನೆನಿಸಿಕೊಳ್ಳುವ ಆಸೆ ಅವನಿಗೆ ಯಾವತ್ತೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ, ಅದು ಇವತ್ತು ಬೆಳಿಗ್ಗೆಯಷ್ಟೇ ಸಿಕ್ಕಿತ್ತು. ಇನ್ನೂ ಒಂದು ಹೊತ್ತೂ ಅನುಭವಿಸಿರಲಿಲ್ಲ. ಅವನಿಗೆ ವಹಾಬನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ಕೃತಜ್ಞತೆ ಇಟ್ಟುಕೊಳ್ಳಲು ಇವನಿಗೆ ಯಾರು ಹೇಳಿದ್ದರು?

ಕೀರ್ತನಾ ಎಂಬ ಕಾಲೇಜು ಹುಡುಗಿ ಎದ್ದು ನಿಂತು ಎಲ್ಲರಿಗೂ ಗೊತ್ತಿದ್ದ ಪ್ರಶ್ನೆಯನ್ನೇ ಕೇಳಿದಳು. “ಸರ್, ಆರನೇ ಬೆರಳಿನ ಕಲ್ಪನೆ ಯಾರದ್ರಿ?” ದುರುಗೇಶ ಮೈಕನ್ನು ಪಾಲಾಕ್ಷಪ್ಪನ ಕಡೆ ಚಾಚುವಷ್ಟರಲ್ಲಿ ವಹಾಬ ಅದನ್ನು ತೆಗೆದುಕೊಂಡ. ಬೆಳಿಗ್ಗೆ ಹೇಳಿದ್ದನ್ನೇ ಹೇಳಿದ. ತನ್ನ ಮೊದಲ ಚಿತ್ರ ಕೆಟ್ಟಿತ್ತೆಂದು, ಊರು ನಕ್ಕಿತ್ತೆಂದು, ಬ್ರಷ್ ಬಿಡಲು ಹೊರಟಿದ್ದೆನೆಂದು, ತಗ್ಗಿದ ತಲೆ ಎತ್ತದೆ ಹೇಳಿದ. ನೂರೀನ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. “ಇವರು ಕೈ ಹಿಡಿದ್ರು,” ಎಂದ ವಹಾಬ ಕೊನೆಗೆ. “ಈಗ ಇವರ ಬಾಯಿಂದಾನ ಕೇಳ್ರಿ.”

ಮೈಕು ಪಾಲಾಕ್ಷಪ್ಪನ ಕೈಗೆ ಬಂತು. ಅದು ವಹಾಬನ ಅಂಗೈಯ ಬೆವರಿನಿಂದ ಒದ್ದೆಯಾಗಿತ್ತು. ಅವನು ತಲೆ ಎತ್ತಿದ. ಎದುರಿಗೆ, ಜನರ ತಲೆಗಳ ಆಚೆ, ಸುಣ್ಣ ಬಳಿದ ಬರೀ ಗೋಡೆ.

“ಹೌದು,” ಎಂದ. “ಅಚ್ಚು ತಪ್ಪೈತಿ ಅಂತ ಹಾಳಿ ಕೈಗೆ ಬಂದ ಕೂಡ್ಲೇ ಗೊತ್ತಾತು.”

ಹೇಳಿಯಾಯಿತು. ಬೆರಳು ಹೋಯಿತು. ಅವನಿಗೆ ಅಳು ಬಂತು. ಕೂತುಬಿಡಬಹುದಿತ್ತು, ಆದರೆ ಜನ ಕಾಯುತ್ತಿದ್ದರು. ವಹಾಬ ಮಗುವಿನ ಹಾಗೆ ಅವನ ಮುಖವನ್ನೇ ನೋಡುತ್ತಿದ್ದ. ಒಂದು ಸಾಲು ಅವನಿಗೆ ಸಾಕಾಗಿರಲಿಲ್ಲ.

“ಯಾರಪ್ಪಾ ಈ ಪೇಂಟರ್ ಅಂತ ನೋಡೋಣ ಅನ್ನಿಸ್ತು,” ಎಂದ ಪಾಲಾಕ್ಷಪ್ಪ, ಗೋಡೆಯನ್ನು ನೋಡುತ್ತ. ಮುಂದೇನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. “ಕಚೇರಿಗೆ ರಜಾ ಹಾಕಿ ಇಲ್ಲಿಗೆ ಬಂದೆ. ಅಂಗಡಿ ಎದುರಿಗೆ ಒಂದು ಸೈಕಲ್ ಶಾಪ್ ಇತ್ತು, ಅಲ್ಲಿ ನಿಂತೆ. ಒಳಗ ಒಬ್ಬ ಹುಡುಗ ಕುಂತಿದ್ದ. ಬ್ರಷ್ ತೊಳ್ಯಾಕತ್ತಿದ್ದ. ಒಂದೊಂದನ್ನ ಸೀಮಿಎಣ್ಣ್ಯಾಗ ಅದ್ದಿ, ಒರಸಿ, ಕೂದಲನ್ನ ಬಾಯಾಗ ಇಟ್ಟು ಚೂಪು ಮಾಡಿ, ಒಂದು ಹಳೇ ಲುಂಗಿಯಾಗ ಸುತ್ತಿಡಾಕತ್ತಿದ್ದ. ನಾಳೆ ಕೆಲಸ ಇರಾವನು ಹಂಗ ಸುತ್ತಿಡಂಗಿಲ್ಲ. ಹೆಣಕ್ಕ ಸುತ್ತಿದಂಗ ಸುತ್ತುತಿದ್ದ. ಒಳಗ ಬರಬೇಕಂದೆ. ಬಂದು ಏನಂತ ಮಾತಾಡಲಿ? ಹಂಗಾ ತಿರುಗಿ ಬಸ್ಸು ಹತ್ತಿದೆ. ಮನಿಗೆ ಹೋಗಿ ಬರ್ಯಾಕ ಕುಂತೆ.”

ಅವನಿಗೆ ಉಸಿರು ಹತ್ತಿತು. ಆ ಅಂಗಡಿಯನ್ನು ಅವನು ಎಂದೂ ಕಂಡಿರಲಿಲ್ಲ, ಇದೆಲ್ಲ ಎಲ್ಲಿಂದ ಬಂತೋ ತಿಳಿಯಲಿಲ್ಲ. ಆ ಹುಡುಗ, ಆ ಲುಂಗಿ, ಸೀಮೆಎಣ್ಣೆಯ ವಾಸನೆ ಎಲ್ಲ ಇನ್ನೂ ಕಣ್ಣ ಮುಂದಿತ್ತು, ಯಾರೂ ಬರೆದುಕೊಟ್ಟಿರಲಿಲ್ಲ. ಚಪ್ಪಾಳೆ ಶುರುವಾಗಿ ಪಕ್ಕದ ಹಾಲಿನ ಹೆಂಗಸರು ಬಾಗಿಲಿಗೆ ಬಂದು ಇಣುಕಿದರು. ದುರುಗೇಶ ಮೈಕು ಇಸಿದುಕೊಂಡು ಏನೋ ದೊಡ್ಡ ದೊಡ್ಡ ಮಾತು ಹೇಳತೊಡಗಿದ. ಪಾಲಾಕ್ಷಪ್ಪನಿಗೆ ಸಂತೋಷವಾಗಿತ್ತು, ಅದನ್ನು ಹೇಳಿಕೊಳ್ಳಲು ಈ ಹಾಲಿನಲ್ಲಿ ಒಬ್ಬರೂ ಇರಲಿಲ್ಲ.

ವಹಾಬ ಅವನ ಕಡೆ ಬಾಗಿದ. ಮುಖದ ಬಣ್ಣ ಹೋಗಿತ್ತು. “ಲುಂಗಿಯಾಗ ಸುತ್ತಿದ್ದು ನಾ ಯಾರಿಗೂ ಹೇಳಿಲ್ಲ,” ಎಂದ ಸಣ್ಣ ದನಿಯಲ್ಲಿ. “ಹೆಂಡ್ತಿ ಮಕ್ತುಂಬಿಗೂ ಹೇಳಿಲ್ಲ. ಖರೇನ ಬಂದಿದ್ರಾ?”

“ಬಂದಿದ್ದೆ,” ಎಂದ ಪಾಲಾಕ್ಷಪ್ಪ.

ವಹಾಬ ತನ್ನ ಕೈಗಳನ್ನು ನೋಡಿಕೊಂಡ.

“ಒಳಗ ಬರಬೇಕಿತ್ರಿ,” ಎಂದ. “ಚಾ ಕುಡೀತಿದ್ವಿ.”

“ಹೌದು,” ಎಂದ ಪಾಲಾಕ್ಷಪ್ಪ. “ಬರಬೇಕಿತ್ತು.”